ತಮ್ಮಣ್ಣ ಮಾಸ್ತರರು ನಡೆಯಲು ಕಲಿತದ್ದು

ಉಮದಿಯ ಸಮಾಜ ಮಂದಿರದಲ್ಲಿ ಆ ಬೆಳಿಗ್ಗೆ ತಮ್ಮಣ್ಣ ಮಾಸ್ತರರು ರಾಣಿಯಾಗಿ ನಡೆದು ತೋರಿಸಿದರು. ಎಡಗೈ ಸೊಂಟದ ಮೇಲೆ, ಬಲಗೈಯ ಎರಡು ಬೆರಳು ಗಲ್ಲದ ಕೆಳಗೆ, ಕತ್ತು ತುಸು ವಾರೆ. ಹೆಜ್ಜೆಗೊಮ್ಮೆ ನಡು ಬಳುಕಿಸುತ್ತ ಹಾರ್ಮೋನಿಯಂ ಪೇಟಿಯ ಹತ್ತಿರದಿಂದ ಕಿಟಕಿಯವರೆಗೆ ಹೋಗಿ, ಅಲ್ಲಿ ಗರಕ್ಕನೆ ತಿರುಗಿ, ಇಲ್ಲದ ಸೆರಗನ್ನು ಹೆಗಲ ಮೇಲೆ ಒಗೆದರು. ವಯಸ್ಸು ಅರವತ್ತು ದಾಟಿತ್ತು. ಮೈಮೇಲೆ ಬಿಳಿ ಧೋತರ, ತೋಳು ಮಡಚಿದ ಅಂಗಿ. ಮೂಗಿನ ಕೆಳಗೆ ಎರಡೂ ಕಡೆ ಮೇಲಕ್ಕೆ ತಿರುವಿದ ದಪ್ಪ ಮೀಸೆ.

"ಹಿಂಗ," ಅಂದರು, ಸ್ವಲ್ಪ ಏದುಸಿರು ಬಿಡುತ್ತ. "ರಾಣಿ ಅಂದ್ರ ಹಿಂಗ ನಡೀಬೇಕು. ಈಗ ನೀ ನಡಿ."

ಮೋನಾಲಿ ನಡೆಯಲಿಲ್ಲ. ಓಢಣಿಯನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದಳು. ಭುಜಗಳು ಅಲುಗುತ್ತಿದ್ದವು.

"ಯಾಕ, ಹೊಟ್ಟಿ ನೋಯ್ತೈತೇನು?"

"ಇಲ್ರಿ ಮಾಸ್ತರ್ರ." ಓಢಣಿ ಸರಿಸಿದಳು, ಮತ್ತೆ ಮುಚ್ಚಿಕೊಂಡಳು, ಕಡೆಗೆ ತಡೆಯಲಾಗದೆ ಅಂದೇಬಿಟ್ಟಳು: "ಯಾವ ಹೆಣ್ಣಮಗಳು ಹಿಂಗ ನಡೀತಾಳ ಹೇಳ್ರಿ? ನಮ್ಮವ್ವ ಹಿಂಗ ನಡದ್ರ ದ್ರಾಕ್ಷಿ ತೋಟದವ್ರು ಆಕಿನ್ನ ಮೊದಲ ದವಾಖಾನಿಗೆ ಕಳಸ್ತಾರ!"

ಇಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಹುಡುಗ-ಹುಡುಗಿಯರೆಲ್ಲ ಒಟ್ಟಿಗೆ ನಕ್ಕರು. ಢೋಲಕಿಯ ಮುಂದೆ ಕೂತಿದ್ದ ಸಮ್ಯಕ ನಗು ಅಡಗಿಸಲು ಹೋಗಿ ಮೊಣಕೈ ಢೋಲಕಿಗೆ ತಾಗಿಸಿ ಧಡಕ್ಕೆಂದು ಸದ್ದು ಮಾಡಿದ. ಅದಕ್ಕೆ ಇನ್ನೊಂದು ಸುತ್ತು ನಗು.

ಮಾಸ್ತರರು ಮೀಸೆಯ ಮೇಲೆ ಕೈಯಾಡಿಸಿದರು. ಪೇಟಿಯ ಮುಚ್ಚಳ ಹಾಕಿದರು. "ಇವತ್ತಿಗೆ ಸಾಕು," ಅಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಅವರಿಗೆ ಹಾಗೆ ಬೇಜಾರಾಗಲು ಕಾರಣವಿತ್ತು. ಒಂದು ಕಾಲಕ್ಕೆ ಉಮದಿಯಿಂದ ಗುಡ್ಡಾಪುರದವರೆಗೆ ಯಾವ ಊರಲ್ಲಿ ನಾಟಕವಾದರೂ ಹೆಣ್ಣಿನ ಪಾತ್ರಕ್ಕೆ ತಮ್ಮಣ್ಣನೇ ಬೇಕಾಗಿತ್ತು. ಸೀರೆಯುಟ್ಟು, ಮೂಗುತಿ ಇಟ್ಟು ಪರದೆಯ ಸಂದಿಯಿಂದ ಪಾದವೊಂದನ್ನು ಹೊರಗಿಟ್ಟರೆ ಸಾಕು, ಮುಂದಿನ ಸಾಲಿನಿಂದ ಸೀಟಿಯ ಮೇಲೆ ಸೀಟಿ, ಟವೆಲ್ಲುಗಳು ಗಾಳಿಗೆ ಹಾರುತ್ತಿದ್ದವು. ಆಮೇಲೆ ಮದುವೆಯಾಯಿತು, ಅಪ್ಪನ ಪಾತ್ರೆ-ಭಾಂಡೆಗಳ ಅಂಗಡಿ ಕೈಗೆ ಬಂತು. ಅಂಗಡಿಗೆ ಬಂದವರು ತಾಮ್ರದ ಕೊಡದ ಬೆಲೆ ಕೇಳುವುದು ಬಿಟ್ಟು "ಏನ ತಮ್ಮಕ್ಕಾ, ಅರಾಮ?" ಅನ್ನತೊಡಗಿದಾಗ ಅವರು ಮೀಸೆ ಬಿಟ್ಟರು, ಬಣ್ಣ ಬಿಟ್ಟರು. ಉಳಿದದ್ದು ಪೇಟಿ ಒಂದೇ. ಅದೂ ಸೋಮವಾರದ ಭಜನೆಗೆ.

ಈ ಬೇಸಗೆ ಸೂಟಿಯಲ್ಲಿ ಅವರನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಬಂದವಳು ನಂದಾ. ಊರಿನದೇ ಮಗಳು, ಧಾರವಾಡದಲ್ಲಿ ನಾಟಕ ಕಲಿತು ಬಂದು ಇಲ್ಲಿಯ ಸಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಸೂಟಿ ಬಿದ್ದೊಡನೆ ಹತ್ತನೆಯ, ಹನ್ನೆರಡನೆಯ ಇಯತ್ತೆಯ ಮಕ್ಕಳನ್ನು ಕೂಡಿಸಿ ಸಮಾಜ ಮಂದಿರದಲ್ಲಿ ಶಿಬಿರ ನಡೆಸುವಳು. ನಾಲ್ಕು ಜನರೆದುರು ನೆಟ್ಟಗೆ ನಿಲ್ಲುವುದು, ತಡವರಿಸದೆ ಮಾತಾಡುವುದು, ಹಾಡುವುದು, ಕುಣಿಯುವುದು. ಕೊನೆಗೊಂದು ಸಂಗೀತ ನಾಟಕ. ಗಡಿಯ ಊರಾದ್ದರಿಂದ ಕನ್ನಡ ಸಾಲೆಯವರೂ ಬರುತ್ತಿದ್ದರು, ಮರಾಠಿ ಸಾಲೆಯವರೂ ಬರುತ್ತಿದ್ದರು. ಈ ವರ್ಷದ ನಾಟಕ ಮಕ್ಕಳೇ ಕೂತು ಕಟ್ಟಿದ್ದು: ಅರಮನೆಯ ಆಳುಗಳೆಲ್ಲ ಓಡಿಹೋಗಿ, ಹುಟ್ಟಿದಾಗಿನಿಂದ ನೀರು ತರದ ರಾಣಿಯೊಬ್ಬಳು ಕೊಡ ಹಿಡಿದು ಟ್ಯಾಂಕರಿನ ಮುಂದೆ ಪಾಳಿ ನಿಲ್ಲುವ ಕತೆ. ಹೆಸರು 'ರಾಣಿಯ ಪಾಳಿ'. ರಾಣಿ ಮೋನಾಲಿ. ಪಾಳಿಯಲ್ಲಿ ಅವಳೊಡನೆ ಜಗಳ ತೆಗೆಯುವ ಮುದುಕಿಯ ಪಾತ್ರಕ್ಕೆ ಸಿದ್ದವ್ವ ಎಂಬ ಹುಡುಗಿ. ಟ್ಯಾಂಕರಿನ ಡ್ರೈವರ ಸಮ್ಯಕ. ಹಾಡಿಗೆ ಧಾಟಿ ಕೂಡಿಸಲು ತಮ್ಮಣ್ಣ ಮಾಸ್ತರರು.

ಮನೆಗೆ ಬಂದಾಗ ಅವರ ಹೆಂಡತಿ ಇಂದ್ರಾಬಾಯಿ ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ಮಾಸ್ತರರು ಎದುರಿಗೆ ಕೂತರು. ಎರಡು ಕಾಯಿ ಒಡೆದು ಬಾಯಿಗೆ ಹಾಕಿಕೊಂಡರು.

"ಇಂದ್ರಾ, ನಾ ಹೆಣ್ಣಿನ ಪಾರ್ಟ ಮಾಡೂದು ನೀ ನೋಡಿದ್ದಿಲ್ಲ? ಮದುವಿಗಿಂತಾ ಮೊದಲು?"

"ನೋಡಿದ್ನಿ. ನಮ್ಮೂರಿಗೇ ಬಂದಿದ್ರಲ್ರಿ."

"ಹೆಂಗಿತ್ತು?"

"ಚಲೋ ಇತ್ತ್ರಿ."

"ಖರೇ ಹೇಳು."

ಇಂದ್ರಾಬಾಯಿ ಸಿಪ್ಪೆ ಊದಿದಳು. "ಸೀರಿ ಚಲೋ ಇತ್ತು."

"ನಡಿಗಿ?"

"ಈಗ್ಯಾಕ ಬೇಕ್ರಿ ಅದೆಲ್ಲಾ?"

"ಹೇಳು ಅಂದ್ರ."

"ನಾ ನಮ್ಮವ್ವನ ಬಾಜೂಕ ಕುಂತಿದ್ನಿ. ನೀವು ಬಂದ್ರಿ. ನಮ್ಮವ್ವ ಅಂದ್ಲು, 'ಪಾಪ, ಆ ಹೆಣ್ಣಮಗಳ ಕಾಲಾಗ ಮುಳ್ಳ ನಟ್ಟೈತೇನ, ಯಾರರೆ ತಗೀರೆ' ಅಂತ." ಹೇಳುತ್ತ ಹೇಳುತ್ತ ಇಂದ್ರಾಬಾಯಿಗೇ ನಗು ಬಂತು. "ಮುಂದ ಹೆಣ್ಣು ನೋಡಾಕ ಬಂದ್ರಿ. ಬಾಗಲ ಸಂದ್ಯಾಗಿಂದ ನೋಡ್ತೀನಿ, ಅದ ಹೆಣ್ಣಮಗಳು ಧೋತರಾ ಉಟಗೊಂಡು ಕುಂತಾಳ!"

"ಇಷ್ಟ ವರ್ಷ ಒಂದು ಮಾತ ಹೇಳಲಿಲ್ಲಲ್ಲ?"

"ನೀವು ಕೇಳಲಿಲ್ಲ. ಇವತ್ತ ಕೇಳಿದ್ರಿ."

ಊಟಕ್ಕೆ ಕೂತಾಗ ಮಾಸ್ತರರು ಮಂದಿರದಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಇಂದ್ರಾಬಾಯಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕುತ್ತ ಕೇಳಿಸಿಕೊಂಡಳು. "ನಾಳಿಗೆ ಟ್ಯಾಂಕರ ಬರೂದೈತಿ," ಅಂದಳು. "ನೀವ ಹೋಗ್ರಿ ನೀರಿಗಿ. ಯಾರು ಹೆಂಗ ನಡೀತಾರ ಅನ್ನೂದು ಅಲ್ಲೇ ಗೊತ್ತಾಗ್ತೈತಿ."

ಜನ್ಮವಿಡೀ ಕೊಡ ಮಾರಿದ ಮನುಷ್ಯ ತುಂಬಿದ ಕೊಡ ಎತ್ತಿದ್ದು ಒಮ್ಮೆಯೂ ಇರಲಿಲ್ಲ. ಮರುದಿನ ಅಂಗಡಿಯಿಂದಲೇ ಹೊಸದೊಂದು ಸ್ಟೀಲಿನ ಕೊಡ ಹಿಡಿದು ಹೋದರು. ಟ್ಯಾಂಕರು ಇನ್ನೂ ಬಂದಿರಲಿಲ್ಲ, ಆದರೆ ಪಾಳಿ ಆಗಲೇ ಹತ್ತಿತ್ತು. ಕೊಡಗಳ ಪಾಳಿ. ನಡುವೆ ಬಕೀಟು, ಕ್ಯಾನು, ಕೊಡ ತರಲು ಮನೆಗೆ ಓಡಿದವರ ಗುರುತಿಗೆ ಒಂದು ಕಲ್ಲು, ಒಂದು ಹವಾಯಿ ಚಪ್ಪಲಿ. ಆಚೆ ದಿನ್ನೆಯ ಮೇಲೆ ಕರೆಂಟು ತೆಗೆಯುವ ಗಾಳಿಪಂಖಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು.

"ಏ ಮಾಸ್ತರಾ," ಅಂದಳು ಓಣಿಯ ಹಿರಿಯಳಾದ ಸಿದ್ದಲಿಂಗವ್ವ, ಅವರ ಕೊಡವನ್ನು ಬಗ್ಗಿ ನೋಡಿ. "ಇದರ ಮ್ಯಾಗಿನ ಚೀಟೀನರೆ ಕೀಳಬಾರದೇನೋ? ನೀರ ತುಂಬಾಕ ಬಂದಿಯೋ, ಮಾರಾಕ ಬಂದಿಯೋ?"

ಹೆಂಗಸರು ನಕ್ಕರು. ಮಾಸ್ತರರೂ ನಕ್ಕು, ಉಗುರಿನಿಂದ ಚೀಟಿ ಕೀಳುತ್ತ ಕೂತರು, ಕೂತು ನೋಡಿದರು. ಖಾಲಿ ಕೊಡದೊಂದಿಗೆ ಬರುವವರ ಕೈ ಬೀಸು ಬೇರೆ, ತುಂಬಿದ ಕೊಡದೊಂದಿಗೆ ಹೋಗುವವರದು ಬೇರೆ. ತಲೆಯ ಮೇಲೆ ಕೊಡ ಬಂದೊಡನೆ ಕತ್ತಿನಿಂದ ಮೇಲೆ ಎಲ್ಲ ನಿಂತುಬಿಡುತ್ತಿತ್ತು, ಕಣ್ಣು ಮಾತ್ರ ಹೊರಳುತ್ತಿತ್ತು. ಪಾದ ನೆಲಕ್ಕೆ ಚಪ್ಪಟೆಯಾಗಿ, ಲಗುಬಗೆಯಿಂದ ಬೀಳುತ್ತಿತ್ತು. ನಡು ಬಳುಕಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಜಗಳ ಹತ್ತಿದಾಗ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿ, ಇನ್ನೊಂದು ಕಾಲನ್ನು ತನ್ನ ಕೊಡಕ್ಕೆ ಆನಿಸಿ ನಿಲ್ಲುವರು: ಬಾಯಿ ಎಷ್ಟೇ ದೂರ ಹೋಗಲಿ, ಕಾಲು ಕೊಡವನ್ನು ಬಿಡದು. ಮೋನಾಲಿಯ ತಾಯಿ ಬಾಳಾಬಾಯಿ ತೋಟದ ಕೆಲಸಕ್ಕೆ ಹೊತ್ತಾಯಿತೆಂದು ಎರಡು ಕೊಡ ಹೊತ್ತು ಓಡುನಡಿಗೆಯಲ್ಲಿ ಹೋದಳು. ಒಂದು ಹನಿ ತುಳುಕಲಿಲ್ಲ. ಮಾಸ್ತರರ ಕೊಡದಲ್ಲಿ ಮನೆ ಮುಟ್ಟಿದಾಗ ಅರ್ಧ ನೀರಿತ್ತು. ಉಳಿದರ್ಧ ಧೋತರದ ಮೇಲಿತ್ತು.

ಆವತ್ತು ಶಿಬಿರಕ್ಕೆ ಹೋದವರು ಮೋನಾಲಿಯನ್ನು ಕರೆದರು. ಹುಡುಗಿ ತಪ್ಪಾಯಿತೆನ್ನಲು ಸಿದ್ಧಳಾಗಿ ಬಂದಿದ್ದಳು, ಮುಖ ಸಣ್ಣದಾಗಿತ್ತು.

"ನಡಿಯೂದು ನೀ ನನ್ನ ಕಡೆ ಕಲೀಬ್ಯಾಡ," ಅಂದರು ಮಾಸ್ತರರು. "ಅದು ನಿಮಗ ಗೊತ್ತೈತಿ. ಹಾಡೂದು ಕಲಿ. ನೀ ಹಾಡಿದ್ದು ಮೂರನೇ ಸಾಲಿಗಿ ಮುಟ್ಟಂಗಿಲ್ಲ. ಫೋನಿನ್ಯಾಗ ಹಾಡಿ ಹಾಡಿ ರೂಢಿ ಆಗೈತಿ ನಿಮಗ, ಎಲ್ಲಾರೂ ಬಾಯಿ ಮುಂದ ಕುಂತಾರಂತ ತಿಳೀತೀರಿ."

ಎಲ್ಲರನ್ನೂ ಮಂದಿರದ ಕಟ್ಟೆಯ ಮೇಲೆ ನಿಲ್ಲಿಸಿ ತಾವು ಬಯಲು ದಾಟಿ ಬೇವಿನ ಗಿಡದ ಕೆಳಗೆ ಹೋಗಿ ಕೂತರು. ಮೋನಾಲಿ ಹಾಡಿದಳು. ಅವರು ಕಿವಿಗೆ ಕೈ ಹಚ್ಚಿ ಕೇಳಿಸಲಿಲ್ಲವೆಂದು ಸನ್ನೆ ಮಾಡಿದರು. ಅವಳು ಕಿರುಚಿದಳು. ಅವರು ಎರಡೂ ಕಿವಿ ಮುಚ್ಚಿಕೊಂಡು ಎದ್ದು ಬಂದರು.

"ಒದರಬ್ಯಾಡ. ಅಲ್ಲೆ ಗಿಡದ ಕೆಳಗ ಮುದಿಕಿ ಒಬ್ಬಾಕಿ ಕುಂತಾಳ, ಆಕಿಗಿ ನಿನ್ನ ಸುಖಾ ದುಃಖಾ ಹೇಳೂದೈತಿ. ಉಸರು ಹೊಟ್ಟ್ಯಾಗಿಂದ ತಗಿ, ಮಾತು ತುಟೀ ಮ್ಯಾಲ ಇಡು. ಓಡಿ ಹೋಗಿ ಮುಟ್ಟಸಬ್ಯಾಡ, ಕಳಿಸಿಕೊಡು."

ಒಂದು ವಾರ ಬೇವಿನ ಗಿಡದ ಕೆಳಗೆ ಕೂತರು. ಒಂದು ಸಂಜೆ ಮೋನಾಲಿಯ ಹಾಡು ಬಯಲು ದಾಟಿ, ಏರದೆ ಇಳಿಯದೆ, ಎಣ್ಣೆ ಹೊಯ್ದಂತೆ ಅವರ ಹತ್ತಿರ ಬಂತು:

*ಅರಮನಿಯೊಳಗ ನನಗೊಂದು ಕೊಳಾ ಇತ್ತ,
ಚಂದ್ರಾಮ ಬಂದು ಜಳಕಾ ಮಾಡತಿದ್ದ;
ಇಂದ ನನ್ನ ಕೈಯಾಗ ಬರೇ ಕೊಡಾ ಬಂತ,
ನನ್ನ ಪಾಳಿ ಎಲ್ಲೈತಿ ಹೇಳಿರಿ ಯವ್ವಾ.*

ಮಾಸ್ತರರು ಕೈ ಎತ್ತಿದರು. ಕಟ್ಟೆಯ ಮೇಲೆ ಹುಡುಗರು ಕುಣಿದಾಡಿದರು. ಇನ್ನೂ ಹಲವು ಸಣ್ಣ ಸಂಗತಿಗಳನ್ನು ಅವರು ಆ ಸೂಟಿಯಲ್ಲಿ ಕಲಿಸಿದರು. ಜನ ನಗುವಾಗ ಮುಂದಿನ ಮಾತು ನುಂಗಿಕೊಂಡು ನಿಲ್ಲಬೇಕು. ನಗು ಇಳಿಮುಖವಾದಾಗ ಆಡಬೇಕು. ಇನ್ನೊಬ್ಬರು ಹಾಡುವಾಗ ಕೆರೆದುಕೊಳ್ಳಬಾರದು. ಪೇಟಿಯ ಸ್ವರ ಸಿಗದಿದ್ದರೆ ಗಾಬರಿಯಾಗದೆ ಢೋಲಕಿಯವನ ಮುಖ ನೋಡಿ ನಗಬೇಕು, ಅಷ್ಟರಲ್ಲಿ ಪೇಟಿಯವನು ತಾನೇ ಬಂದು ಕೂಡಿಕೊಳ್ಳುತ್ತಾನೆ.

ನಾಟಕ ಎರಡು ದಿನ ಇದೆ ಎನ್ನುವಾಗ ಸಿದ್ದವ್ವನಿಗೆ ಮಂಗನಬಾವು ಬಂತು. ಎರಡೂ ಗಲ್ಲ ಬಾತು, ಬಾಯಿ ತೆರೆಯಲಾಗುತ್ತಿರಲಿಲ್ಲ. ಮನೆಯಿಂದ ಹೊರಗೆ ಬರಬಾರದೆಂದು ಡಾಕ್ಟರರು ಹೇಳಿದ್ದರು. ಜಗಳಗಂಟಿ ಮುದುಕಿಯ ಪಾತ್ರವೇ ಇಲ್ಲದೆ ರಾಣಿ ಯಾರೊಡನೆ ಜಗಳಾಡಬೇಕು? ಉಳಿದ ಹುಡುಗಿಯರಿಗೆ ಅವರವರ ಹಾಡೇ ಸಾಕಾಗಿತ್ತು. ನಂದಾ ಎಲ್ಲರ ಮುಖ ನೋಡಿ ಕಡೆಗೆ ಮಾಸ್ತರರನ್ನು ನೋಡಿದಳು.

"ನಿಮಗ ಮುದಿಕಿ ಹಾಡು ಎಲ್ಲಾ ಬರ್ತಾವಲ್ರಿ ಮಾಸ್ತರ್ರ?"

"ನಾನ ಧಾಟಿ ಹಾಕೀನಿ, ಬರದ ಏನು?" ಅಂದವರು, ಅವಳ ಪ್ರಶ್ನೆ ಎತ್ತ ಹೊರಟಿದೆಯೆಂದು ತಿಳಿದು ಥಟ್ಟನೆ ಮೀಸೆ ಹಿಡಿದುಕೊಂಡರು. "ಹುಚ್ಚಿ! ಆಗಂಗಿಲ್ಲ."

"ಮೀಸಿ ಇದ್ರೂ ನಡೀತೈತ್ರಿ," ಅಂದ ಸಮ್ಯಕ ಧೈರ್ಯ ಹೇಳುವವನಂತೆ. "ನಮ್ಮ ಅಜ್ಜಿಗೂ ಸ್ವಲ್ಪ ಅದಾವ."

ಆ ಮೀಸೆಯನ್ನು ಅವರು ಮದುವೆಯಾದ ವರ್ಷದಿಂದ ಎಣ್ಣೆ ಹಚ್ಚಿ ಸಾಕಿದ್ದರು. 'ತಮ್ಮಕ್ಕಾ' ಎಂಬ ಕೂಗು ಮತ್ತೆ ಅಂಗಡಿಯ ಮುಂದೆ ಏಳಬಹುದು. ಈ ವಯಸ್ಸಿಗೆ ಬೇಕೇ? ಆದರೆ ಮೋನಾಲಿ ಅವರ ಎದುರು ಬಂದು ನಿಂತಿದ್ದಳು, ಬಯಲಿನಾಚೆಯಿಂದ ಉತ್ತರಕ್ಕೆ ಕಾಯುವಾಗ ನಿಲ್ಲುತ್ತಿದ್ದಂತೆಯೇ. ಆ ಹುಡುಗಿಯ ಹಾಡು ಇಷ್ಟು ದೂರ ಬಂದ ಮೇಲೆ ಯಾರೂ ಕೇಳದೆ ಹೋದರೆ? ಮಾಸ್ತರರು ಹಾಗೆಯೇ ಕಟಿಂಗ್ ಅಂಗಡಿಗೆ ನಡೆದರು.

ಮನೆ ಬಾಗಿಲಲ್ಲಿ ಇಂದ್ರಾಬಾಯಿ ಅವರನ್ನು ನೋಡಿ ಒಂದು ಗಳಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಯಾರೋ ಪರವೂರಿನವರೆಂದು. ಆಮೇಲೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಪೆಟ್ಟಿಗೆ ತೆರೆದು ತನ್ನದೊಂದು ಹಸಿರು ಇಳಕಲ್ ಸೀರೆ ತೆಗೆದಿಟ್ಟಳು.

ಮರುದಿನವಿಡೀ ಸಮಾಜ ಮಂದಿರದಲ್ಲಿ ಮೋನಾಲಿ ಗುರು, ಮಾಸ್ತರರು ಶಿಷ್ಯ.

"ಹಿಮ್ಮಡಿ ಎತ್ತಬ್ಯಾಡ್ರಿ. ಪೂರಾ ಪಾದ ಊರ್ರಿ. ಕೈ ಗಲ್ಲಕ್ಕ ಹಚ್ಚಬ್ಯಾಡ್ರಿ ಮಾಸ್ತರ್ರ, ಮತ್ತ ಹಚ್ಚಿದ್ರಿ!"

"ತಾನಾಗಿ ಹೋಗ್ತೈತವ್ವಾ, ಹಳೀ ಚಟಾ."

"ಆ ಕೈಯಾಗ ಸಿಂಬಿ ಹಿಡೀರಿ. ಹಾಂ. ಈಗ ಹೋಗಾಕ ಹತ್ತೀರಿ ನೋಡ್ರಿ. ನಿಮ್ಮನ್ನ ಯಾರೂ ನೋಡಾಕತ್ತಿಲ್ಲ. ನಿಮಗ ನೀರ ಬೇಕು, ಅಷ್ಟ."

ಯಾರೂ ನೋಡುತ್ತಿಲ್ಲ! ಹಿಂದೆ ಅವರು ಇಟ್ಟ ಒಂದೊಂದು ಹೆಜ್ಜೆಯೂ ಯಾರೋ ನೋಡಲೆಂದೇ ಇಟ್ಟದ್ದಾಗಿತ್ತು. ಮಾಸ್ತರರು ಸಿಂಬಿಯನ್ನು ಗಟ್ಟಿಯಾಗಿ ಹಿಡಿದು, ಕಿಟಕಿಯವರೆಗೆ ಬರಿದೆ ಹೋದರು, ಬರಿದೆ ಬಂದರು. ಮೋನಾಲಿ ಚಪ್ಪಾಳೆ ತಟ್ಟಿದಳು.

ನಾಟಕದ ದಿನ ಬಿಸಿಲು ಇಳಿಯುವ ಮೊದಲೇ ಮಂದಿರದ ಮುಂದಿನ ಬಯಲು ತುಂಬಿತು. ಮುಂದೆ ಮಕ್ಕಳು, ಅವರ ಹಿಂದೆ ಹೆಂಗಸರು, ಗೋಡೆಗುಂಟ ಗಂಡಸರು. ಬಾಳಾಬಾಯಿ ತೋಟದಿಂದ ನೇರ ಬಂದು ಕೂತಿದ್ದಳು. ಇಂದ್ರಾಬಾಯಿಯ ಪಕ್ಕಕ್ಕೆ ಸಿದ್ದಲಿಂಗವ್ವ. ಗಾಳಿ ಜೋರಾಗಿತ್ತು, ಬಾಡಿಗೆಗೆ ತಂದ ಮೈಕು ಸುಂಯ್ ಎನ್ನುವುದು ಬಿಟ್ಟು ಬೇರೇನೂ ಮಾಡಲಿಲ್ಲ. ನಂದಾ ಅದನ್ನು ಬಂದ್ ಮಾಡಿಸಿದಳು. ಹುಡುಗರು ಗಾಬರಿಯಿಂದ ಒಬ್ಬರ ಮುಖ ಒಬ್ಬರು ನೋಡಿದರು. "ಬೇವಿನ ಗಿಡಾ," ಅಂದರು ಹಸಿರು ಸೀರೆಯ ಮಾಸ್ತರರು, ಅಷ್ಟೇ. ಎಲ್ಲರೂ ತಲೆಯಾಡಿಸಿದರು.

ಸಮ್ಯಕ ಢೋಲಕಿಯನ್ನು ಇನ್ನೊಬ್ಬ ಹುಡುಗನ ಕೈಗೆ ಕೊಟ್ಟು, ಎದೆಗೆ ಸ್ಟಿಯರಿಂಗ್ ಕಟ್ಟಿಕೊಂಡು ಬಂದ. ಮೇಳದವರು ಎತ್ತಿಕೊಂಡರು:

*ಬಂತು ಬಂತು ಟ್ಯಾಂಕರ ಬಂತು, ಧೂಳಾ ಎಬ್ಬಿಸಿ ಬಂತು,
ಕೊಡಾ ಇಡ್ರಿ, ಬಕೀಟ ಇಡ್ರಿ, ಜಾಗಾ ಹಿಡೀರಿ ನಿಂತು!*

ಅದೇ ಸಾಲು ಮರಾಠಿಯಲ್ಲೂ ಬಂತು. ಜನ ತಾಳ ಹಾಕಿದರು. ರಾಣಿ ಬಂದಳು, ಕೊಡವನ್ನು ಎರಡೂ ಕೈಯಲ್ಲಿ ಕೂಸಿನಂತೆ ಎತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ. ನಗು. ಪಾಳಿಯಲ್ಲಿ ಇಟ್ಟಳು. ಹಿಂದೆಯೇ ಮುದುಕಿ ಬಂತು. ಅತ್ತಿತ್ತ ನೋಡಲಿಲ್ಲ; ಸರಸರ ನಡೆದು, ರಾಣಿ ಆ ಕಡೆ ತಿರುಗಿದ್ದೇ ತಡ, ಅವಳ ಕೊಡವನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ ತನ್ನದನ್ನು ಮುಂದಿಟ್ಟು, ಏನೂ ಅರಿಯದಂತೆ ಆಕಾಶ ನೋಡುತ್ತ ನಿಂತಿತು.

"ಏ ಯವ್ವಾ!"

ಕೂಗು ಬಯಲಿನಿಂದ ಬಂದಿತ್ತು. ಸಿದ್ದಲಿಂಗವ್ವ ಎದ್ದು ನಿಂತಿದ್ದಳು.

"ಆ ಹುಡಗೀ ಕೊಡಾ ಮುಂದಿತ್ತು, ನಾ ನೋಡೀನಿ! ತಗಿ ನಿಂದು ಹಿಂದಕ! ಎಳೀ ಹುಡಗಿ ಅಂತ ಮೋಸಾ ಮಾಡ್ತಿ?"

ಢೋಲಕಿ ನಿಂತಿತು. ಮೋನಾಲಿ ಬಾಯಿ ತೆರೆದವಳು ಹಾಗೇ ಉಳಿದಳು. ಇಂಥದ್ದು ತಾಲೀಮಿನಲ್ಲಿ ಇರಲಿಲ್ಲ. ಹಳೆಯ ಕಾಲದ ತಮ್ಮಣ್ಣನಾಗಿದ್ದರೆ ಜನರ ಕಡೆ ತಿರುಗಿ ಕೈ ಮುಗಿದು, ಮುಗುಳ್ನಕ್ಕು, ಸೀಟಿ ಗಿಟ್ಟಿಸುತ್ತಿದ್ದ. ಮುದುಕಿ ಭಾರವನ್ನೆಲ್ಲ ಒಂದು ಕಾಲಿನ ಮೇಲೆ ಹಾಕಿತು. ಇನ್ನೊಂದನ್ನು ಕೊಡಕ್ಕೆ ಆನಿಸಿತು.

"ನೀ ಯಾರಬೇ ಕೇಳಾಕಿ? ನಿನ್ನ ಕೊಡಾ ಎಲ್ಲೈತಿ?"

"ನನ್ನ ಕೊಡಾ ಮನಿಯಾಗೈತಿ!"

"ಹಂಗಾದ್ರ ಮನಿಯಾಗ ಮಾತಾಡು ಹೋಗು! ಪಾಳಿಯಾಗ ಇಲ್ಲದಾಕಿ ಮಾತು ಪಾಳಿಯಾಗ ಬ್ಯಾಡ!"

ಬಯಲು ಎರಡಾಯಿತು. ಅರ್ಧ ಹೆಂಗಸರು ಸಿದ್ದಲಿಂಗವ್ವನ ಕಡೆ, ಅರ್ಧ ಮುದುಕಿಯ ಕಡೆ. ಯಾರೋ ಹಿಂದಿನ ವಾರದ ನಿಜವಾದ ಜಗಳವನ್ನೂ ಎತ್ತಿಕೊಂಡರು. ಗದ್ದಲದ ನಡುವೆ ಮುದುಕಿ ಮೋನಾಲಿಯ ಕಡೆ ತಿರುಗಿ, ತುಟಿ ಅಲುಗಿಸದೆ ಉಸುರಿತು: "ನಿಂದ್ರು. ಇಳೀಲಿ."

ಮೋನಾಲಿ ನಿಂತಳು. ಗದ್ದಲ ಏರಿತು, ಏರಿತು, ತುಸುವೇ ಇಳಿಯಿತು. ಆ ಇಳುಕಲಿನಲ್ಲಿ ಅವಳು ಸಿದ್ದಲಿಂಗವ್ವನನ್ನು ನೋಡಿ, "ಆಯೀ, ನೀವೊಬ್ಬರ ನೋಡಿದ್ರಿ. ರಾಣಿ ಅಂತಲ್ಲ, ಬರೇ ಒಬ್ಬ ಹುಡಗಿ ಅಂತ ನೋಡಿದ್ರಿ," ಅಂದಳು. ಉಸಿರು ತೆಗೆದುಕೊಂಡಳು. ಹಾಡಿದಳು. ಮಾಸ್ತರರು ಮುದುಕಿಯಾಗಿದ್ದರಿಂದ ಪೇಟಿಗೆ ಯಾರೂ ಇರಲಿಲ್ಲ. ನಂದಾ ಓಡಿ ಹೋಗಿ ಕೂತು ಸ್ವರ ಹಿಡಿಯುವಷ್ಟರಲ್ಲಿ ಮೊದಲ ಸಾಲು ಮುಗಿದಿತ್ತು. ಗಾಳಿಯ ಎದುರಿಗೂ ಹಾಡು ಗೋಡೆಗುಂಟ ನಿಂತವರ ತನಕ ಹೋಯಿತು. ಗಂಡಸರು ಬೀಡಿ ಇಳಿಸಿದರು. ಬಾಳಾಬಾಯಿ ಮಗಳನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಸಿದ್ದಲಿಂಗವ್ವ ಕಣ್ಣೊರೆಸಿಕೊಂಡು ಕೂತಳು, ಆದರೆ ಮುದುಕಿಯ ಮೇಲಿನ ಸಿಟ್ಟು ಬಿಡಲಿಲ್ಲ.

ನಾಟಕ ಮುಗಿದು ಮಕ್ಕಳ ಕೈಗೆ ಜನ ಬೆಲ್ಲ, ಶೇಂಗಾ, ಹತ್ತು ರೂಪಾಯಿ ತುರುಕುತ್ತಿದ್ದಾಗ ಮಾಸ್ತರರು ಪರದೆಯ ಹಿಂದೆ ಸೀರೆ ಬಿಚ್ಚುತ್ತಿದ್ದರು. ಹೊರಗೆ ಸಿದ್ದಲಿಂಗವ್ವ ನಂದಾಳನ್ನು ಹಿಡಿದು ನಿಲ್ಲಿಸಿದ್ದು ಕೇಳಿಸಿತು.

"ಆ ಮುದಿಕಿ ಎಲ್ಲ್ಯಾಕಿ? ನಮ್ಮೂರಾಕಿ ಅಂತೂ ಅಲ್ಲ. ವಳಸಂಗದಾಕಿ ಇರಬೇಕು, ಅವರದ ಅಂಥಾ ನಾಲಗಿ. ಮುಂದಿನ ಸಲ ಕರೀಬ್ಯಾಡ, ಹೇಳೀನಿ."

ಮಾಸ್ತರರ ಕೈ ಸೀರೆಯ ನಿರಿಗೆಯಲ್ಲೇ ನಿಂತಿತು. ಇಡೀ ನಾಟಕದಲ್ಲಿ ಅವರಿಗೆ ಒಂದೂ ಸೀಟಿ ಬಿದ್ದಿರಲಿಲ್ಲ. ಒಂದೇ ಒಂದು ಬಿದ್ದಿರಲಿಲ್ಲ! ಅವರು ಪರದೆಯ ಹಿಂದೆ ಒಬ್ಬರೇ ಕೂತು, ಹೊರಗೆ ಕೇಳಿಸದಂತೆ, ಮೈಯೆಲ್ಲ ಅಲುಗುವಂತೆ ನಕ್ಕರು. ಒಳಗೆ ಬಂದ ಮೋನಾಲಿ ನೋಡಿದರೆ ಮಾಸ್ತರರ ಕಣ್ಣ ತುಂಬ ನೀರು.

"ಏನಾತ್ರಿ?"

"ನನ್ನ ವಳಸಂಗಕ್ಕ ಕಳಿಸಿಬಿಟ್ರವ್ವಾ," ಅಂದರು. "ನೀ ಭಾಳ ಚಲೋ ಕಲಿಸಿದಿ."

ಇಂದ್ರಾಬಾಯಿ ಮತ್ತು ಅವರು ಜೊತೆಯಲ್ಲೇ ಮನೆಗೆ ಹೋದರು. ಅಂಗಳಕ್ಕೆ ಬಂದ ಮೇಲೆ ಅವಳು ಚಪ್ಪಲಿ ಬಿಟ್ಟು, "ಆ ನಂದಾಗ ಹೇಳ್ರಿ," ಅಂದಳು. "ಮುಂದಿನ ವರ್ಷದ ಆಟದಾಗ ಮುದುಕನ ಪಾರ್ಟ ಇದ್ರ ನಾ ಮಾಡ್ತೀನಿ ಅಂತ."

"ನೀ?"

"ಯಾಕ? ಇಷ್ಟ ವರ್ಷ ನೋಡೀನಿ, ನನಗ ಗೊತ್ತಿಲ್ಲೇನು?" ಅನ್ನುತ್ತ ಇಂದ್ರಾಬಾಯಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿದಳು, ಹೊಟ್ಟೆ ಸ್ವಲ್ಪ ಮುಂದೆ ಬಿಟ್ಟಳು. ಗಿರಾಕಿ ಚೌಕಾಸಿ ಮಾಡಿ ಹೋದ ಮೇಲೆ ಅಂಗಡಿಯೊಳಗೆ ಸುಮ್ಮನೆ ಎದ್ದು ಹೋಗುವ ಮನುಷ್ಯನ ಹಾಗೆ, ಗಂಟಲು ಸರಿಮಾಡಿಕೊಳ್ಳುತ್ತ, ತುಳಸಿಕಟ್ಟೆಯಿಂದ ಹಿತ್ತಲ ಬಾಗಿಲಿನವರೆಗೆ ನಡೆದಳು.

ಮಾಸ್ತರರು ಕಟ್ಟೆಯ ಮೇಲೆ ಕೂತು ನೋಡಿದರು. ತಮ್ಮದೇ ನಡಿಗೆ, ಒಂದು ಹೆಜ್ಜೆಯೂ ತಪ್ಪಿರಲಿಲ್ಲ.

"ಇನ್ನೊಮ್ಮೆ ನಡಿ," ಅಂದರು.